ಶನಿವಾರದ ಹದಿಹರೆಯದ ತರಗತಿ: ಪೋಷಕರ ಗಮನಕ್ಕೆ

ಪೋಷಕರಿಗೆ ನಮಸ್ಕಾರ. ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳೊಂದಿಗೆ ಈ ಶನಿವಾರ ಹದಿಹರೆಯದವರ ಆರೋಗ್ಯಕ್ಕೆಂದೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತ ಸಮಾಲೋಚಕಿಯವರು ಬಾಲ್ಯವಿವಾಹ ಮತ್ತು ಎಳೆಯ ವಯಸ್ಸಿನ ಬಸಿರಿನ ಬಗ್ಗೆ ಮಾತನಾಡುತ್ತಾರೆ. ಹುಡುಗರೂ ಕುಳಿತುಕೊಳ್ಳಬೇಕು. "ನಮ್ಮ ಹುಡುಗನಿಗೇಕೆ ಇದೆಲ್ಲ?" ಎಂದು ಕೇಳಿದವರಿದ್ದಾರೆ, ಗರ್ಭ ಹುಡುಗಿಯೊಬ್ಬಳಿಂದಲೇ ಆಗುವುದಿಲ್ಲವಲ್ಲ!

ಪ್ರಶ್ನೆ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಚೀಟಿಗಳು ಬಂದಿವೆ. ನೋಟ್‌ಬುಕ್ಕಿನ ಮೂಲೆ ಹರಿದು ಬರೆದ ಒಂದರಲ್ಲಿ ಹೀಗಿದೆ: "ಪರೀಕ್ಷೆ ಮುಗಿದ ಕೂಡಲೇ ಸೋದರಮಾವನಿಗೆ ಕೊಡುತ್ತಾರಂತೆ. ಬೇಡ ಎನ್ನಬಹುದೇ?" ಎಲ್ಲದಕ್ಕೂ ಮೊಬೈಲನ್ನು ದೂರುವ ನಾವು ಇದಕ್ಕೆ ಏನೆನ್ನೋಣ? ಕಾಲೇಜು ದೂರ, ಹೊತ್ತಿಗೆ ಬಸ್ಸಿಲ್ಲ, ನಾಲ್ಕು ಜನ ಏನೆಂದಾರೋ ಎಂಬ ಅಂಜಿಕೆ, ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕೆಂಬ ಅಜ್ಜಿಯ ಹಟ. ಹದಿನಾರಕ್ಕೆ ಬಸಿರಾಗುವುದು ಬಹಳ ಸಲ ಇಲ್ಲಿಂದಲೇ ಶುರು.

ಬೇಡ ಎನ್ನಬಹುದು. ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು.

ಇನ್ನೊಂದು ಮಾತು. ಮಗಳು ಬಸಿರಾದರೆ ಪೊಲೀಸರಿಗೆ ಹೆದರಿ ಔಷಧಿ ಅಂಗಡಿಯ ಗರ್ಭಪಾತದ ಮಾತ್ರೆ ನುಂಗಿಸಬೇಡಿ. ರಕ್ತಸ್ರಾವವಾದರೆ ಜೀವಕ್ಕೇ ಅಪಾಯ. ಹದಿನೆಂಟು ತುಂಬದವಳು ಗರ್ಭಿಣಿಯಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆದರೆ ಗರ್ಭಪಾತಕ್ಕೆ ಬಂದ ಬಾಲಕಿಯೂ ಪೋಷಕರೂ ಕೋರಿದರೆ ಅವಳ ಹೆಸರು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ತಾಯಂದಿರೂ ತಂದೆಯಂದಿರೂ ಬಂದು ಹಿಂದಿನ ಸಾಲಿನಲ್ಲಿ ಕೂರಬಹುದು. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ತಿಳಿಸಿ. ಚೀಟಿ ಯಾರದೆಂದು ಮಾತ್ರ ಯಾರೂ ಹುಡುಕಬಾರದು.