ಆ ಕಿಟಕಿ ತೆಗೆಯೋರು ಯಾರು?

ಪುಟ್ಟಿ,

ಎಆರ್‌ಟಿ ಸೆಂಟರ್, ಅಂದ್ರೆ ಎಚ್‌ಐವಿ ಔಷಧಿ ಕೊಡೋ ಸೆಂಟರ್ ಸ್ಟಾಫ್‌ಗೆ ಟಿಬಿ ಟ್ರೈನಿಂಗ್ ಕೊಡೋಕೆ ಅಂತ ನೀನು ಮಾಡಿರೋ ಸ್ಲೈಡ್‌ಗಳನ್ನ ಕೂತು ಪೂರ್ತಿ ನೋಡ್ದೆ, 74 ಇದಾವೆ, ಕಣ್ಣು ಉರಿ ಬಂತು. ತಪ್ಪೇನೂ ಇಲ್ಲ ಅದ್ರಲ್ಲಿ. ಆದ್ರೆ ಮೊದಲರ್ಧ ಬ್ಯಾಕ್ಟೀರಿಯಾ ಪುರಾಣ, ಇನ್ನರ್ಧ ಮಾಸ್ಕ್ ಪುರಾಣ, ಕಿಟಕಿಗೆ ಒಂದೇ ಸ್ಲೈಡು, ಬಾಗಿಲಲ್ಲೇ ಕೆಮ್ಮೋರನ್ನ ಗುರುತಿಸೋದಕ್ಕೆ ಎರಡು ಸಾಲು. ಪೂರ್ತಿ ತಲೆಕೆಳಗು ಮಗಳೇ.

ನನ್ನದೇ ಒಂದು ಕಥೆ ಹೇಳ್ತೀನಿ, ಯಾವ ಆಸ್ಪತ್ರೆ ಅನ್ನೋದು ಬೇಡ. ನಮ್ಮಲ್ಲಿ ಟಿಬಿ ಅಂತ ಗೊತ್ತಾಗಿ ಟ್ರೀಟ್‌ಮೆಂಟ್ ತಗೊಳ್ತಿದ್ದೋರ ರೂಮಿಗೆ ಹೋಗುವಾಗ ಎಲ್ರೂ ಎನ್95 ಬಿಗಿದು ಉಸಿರು ಹಿಡ್ಕೊಂಡು ಹೋಗ್ತಿದ್ವಿ, ಹೊರಗಡೆ ಬಂದ ತಕ್ಷಣ ಮಾಸ್ಕ್ ಗಲ್ಲದ ಕೆಳಗೆ. ಅದೇ ಕಾರಿಡಾರಲ್ಲಿ ಸಣಕಲು ಮನುಷ್ಯ ಒಬ್ರು ಎಚ್‌ಐವಿ ಕೌನ್ಸೆಲಿಂಗ್‌ಗೆ ಅಂತ ಬಂದು ಎರಡು ಗಂಟೆ ಕೆಮ್ಕೊಂಡು ಕೂತಿದ್ರು, ಕಿಟಕಿ ಮುಚ್ಚಿತ್ತು, ಫ್ಯಾನು ಅದೇ ಗಾಳೀನ ಸುತ್ತಿಸಿ ಸುತ್ತಿಸಿ ಎಲ್ರಿಗೂ ಹಂಚ್ತಿತ್ತು. ನಾನೇ ಮೂರು ಸಲ ಅವರ ಮುಂದೆ ಫೈಲ್ ಹಿಡ್ಕೊಂಡು ಓಡಾಡ್ದೆ, ಒಂದು ಸಲಾನೂ "ಎಷ್ಟು ದಿನದಿಂದ ಕೆಮ್ಮು" ಅಂತ ಕೇಳ್ಲಿಲ್ಲ. ಅವರಿಗೆ ಟಿಬಿ ಅಂತ ಆಮೇಲೆ ಗೊತ್ತಾಯ್ತು. ಅದೇ ವರ್ಷ ನಮ್ಮ ಕೌನ್ಸೆಲರ್‌ಗೂ ಬಂತು. ಅವರಿಂದಾನೇ ಬಂತು ಅಂತ ಹೇಳೋಕಾಗಲ್ಲ, ಆದ್ರೂ ಆ ಬೆಂಚು ನನ್ನ ಕಣ್ಣ ಮುಂದಿಂದ ಇವತ್ತಿಗೂ ಹೋಗಿಲ್ಲ.

ನಿನ್ನ ಜನಕ್ಕೆ ಮೊದಲು ಇದನ್ನ ಹೇಳು, ಹೆದರಬೇಕಾದ್ದು ಗೊತ್ತಿರೋ ಟಿಬಿಗಲ್ಲ, ಗೊತ್ತಿಲ್ದೇ ಇರೋದಕ್ಕೆ. ಸರಿಯಾದ ಔಷಧಿ ಶುರುವಾದ್ರೆ ಹರಡೋದು ಬೇಗ ಇಳಿದುಹೋಗುತ್ತೆ. ಸರಿಯಾದ್ದು ಅಂದ್ರೆ ಸರಿಯಾದ್ದೇ, ಮಾಮೂಲಿ ಔಷಧಿಗೆ ಬಗ್ಗದ ರೆಸಿಸ್ಟೆಂಟ್ ಟಿಬಿಗೆ ಅದೇ ಮಾತ್ರೆ ಕೊಟ್ಕೊಂಡು ಕೂತ್ರೆ ಏನೂ ಇಳಿಯಲ್ಲ. ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿಯಲ್ಲಿ 2005-06ರಲ್ಲಿ ಆಗಿದ್ದನ್ನ ಒಂದು ಸ್ಲೈಡ್ ಹಾಕು ಬೇಕಾದ್ರೆ. ಎಕ್ಸ್‌ಡಿಆರ್ ಟಿಬಿ (ತುಂಬಾ ಔಷಧಿಗಳಿಗೆ ಬಗ್ಗದ ಟಿಬಿ) ಅಂತ ಪತ್ತೆಯಾದ 53 ಜನದಲ್ಲಿ 52 ಜನ ಹೋಗ್ಬಿಟ್ರು, ಎಚ್‌ಐವಿ ಟೆಸ್ಟ್ ಆಗಿದ್ದ 44 ಜನಾನೂ ಪಾಸಿಟಿವ್, ಕಫ ಕೊಟ್ಟ ಮೇಲೆ ಅರ್ಧದಷ್ಟು ಜನ ಹದಿನಾರು ದಿನಾನೂ ಬದುಕ್ಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದಕ್ಕೆ ಮುಂಚೆ ಟಿಬಿ ಮಾತ್ರೆ ನುಂಗಿದೋರೇ ಅಲ್ಲ, ಅಂದ್ರೆ ಅರ್ಧಕ್ಕೆ ಔಷಧಿ ಬಿಟ್ಟು ಕೆಡಿಸ್ಕೊಂಡಿದ್ದಲ್ಲ, ಆ ಕೆಟ್ಟ ತಳಿಯೇ ಇನ್ನೊಬ್ಬರಿಂದ ಅಂಟಿದ್ದು, ಅದ್ರಲ್ಲಿ ತುಂಬಾ ಜನ ಸ್ವಲ್ಪ ದಿನದ ಹಿಂದೆ ಆಸ್ಪತ್ರೇಲಿ ಅಡ್ಮಿಟ್ ಆಗಿದ್ದೋರು. ವಾಸಿ ಮಾಡ್ಕೊಳ್ಳೋಕೆ ಬಂದ ಜಾಗದಲ್ಲೇ ಸಿಕ್ಕಿದ್ದು ಅನ್ನೋ ಅನುಮಾನ. ಸ್ಟಾಫೂ ಬಚಾವಾಗ್ಲಿಲ್ಲ.

ಅದಕ್ಕೇ ಹೇಳೋದು, ಟ್ರೈನಿಂಗ್‌ಗೆ ಡಾಕ್ಟರ್, ನರ್ಸ್ ಮಾತ್ರ ಕರೀಬೇಡ. ಗೇಟಲ್ಲಿ ಕೂರೋ ಸೆಕ್ಯುರಿಟಿ, ಚೀಟಿ ಬರ್ಕೊಡೋ ಹುಡುಗ, ಕ್ಲೀನಿಂಗ್ ಅಕ್ಕ, ಇವ್ರು ಬರ್ಲೇಬೇಕು, ಪೇಷಂಟ್ ಮೊದಲು ಕೆಮ್ಮೋದು ಇವ್ರ ಮುಂದೆ ತಾನೆ. ನಾಲ್ಕೇ ಪ್ರಶ್ನೆ ಬಾಯಿಪಾಠ ಮಾಡ್ಸು, ಕೆಮ್ಮು ಇದ್ಯಾ, ಜ್ವರ ಇದ್ಯಾ, ತೂಕ ಇಳಿದಿದ್ಯಾ, ರಾತ್ರಿ ಬೆವರ್ತೀರಾ. ಎಚ್‌ಐವಿ ಇರೋರಲ್ಲಿ ಎರಡು ವಾರ ಆಗ್ಲಿ ಅಂತ ಕಾಯೋ ಹಾಗಿಲ್ಲ, ನಿನ್ನೆ ಶುರುವಾದ ಕೆಮ್ಮೂ ಲೆಕ್ಕಕ್ಕೆ. ಇನ್ನೊಂದು, ಇವರ ಕಫದಲ್ಲಿ ಕ್ರಿಮಿ ಕಮ್ಮಿ ಇರೋದ್ರಿಂದ ಮೈಕ್ರೋಸ್ಕೋಪಲ್ಲಿ ನೆಗೆಟಿವ್ ಬರೋದು ಮಾಮೂಲು, ಹಾಗಾಗಿ "ಸ್ಮಿಯರ್ ನೆಗೆಟಿವ್, ಮನೆಗೆ ಹೋಗಿ" ಅನ್ನೋ ಚಾಳಿ ಬಿಡಿಸ್ಬೇಕು, ಕ್ರಿಮಿಯ ಡಿಎನ್‌ಎ ಹುಡುಕೋ ಮಾಲಿಕ್ಯುಲರ್ ಟೆಸ್ಟ್‌ಗೆ ಕಳಿಸ್ಬೇಕು.

ಕ್ಲಾಸಲ್ಲಿ ಒಂದು ಗಂಟೆ ಕೂತಿದ್ದು ಸಾಕು ಅನ್ಸಿದ್ ಮೇಲೆ ಎಲ್ರನ್ನೂ ಎಬ್ಬಿಸ್ಕೊಂಡು ಹೋಗು. ಒಬ್ಬರು ಪೇಷಂಟ್ ಆಗ್ಲಿ, ಗೇಟಿಂದ ಔಷಧಿ ಕೌಂಟರ್ ತನಕ ನಡೀಲಿ, ಉಳಿದೋರು ಗಡಿಯಾರ ಹಿಡ್ಕೊಂಡು ಎಲ್ಲೆಲ್ಲಿ ಎಷ್ಟು ಹೊತ್ತು ಯಾರ ಪಕ್ಕ ಕೂತ್ರು ಅಂತ ಬರೀಲಿ. ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತೆ ನೋಡ್ಲಿ, ಪೇಷಂಟ್ ಕಡೆಯಿಂದ ನೇರ ನರ್ಸ್ ಮುಖಕ್ಕೆ ಬರ್ತಿದ್ರೆ ಕುರ್ಚಿ ಜಾಗ ಬದಲಾಯಿಸಿದ್ರೇ ಅರ್ಧ ಕೆಲಸ ಆಯ್ತು, ದುಡ್ಡೇ ಬೇಡ. ಪೆರುವಿನ ಲಿಮಾದಲ್ಲಿ ಆಸ್ಪತ್ರೆಗಳನ್ನ ಅಳೆದು 2007ರಲ್ಲಿ ಬರೆದಿದ್ರು, ಬಾಗಿಲು ಕಿಟಕಿ ಪೂರ್ತಿ ತೆಗೆದಾಗ ಗಂಟೆಗೆ ಸುಮಾರು 28 ಸಲ ರೂಮಿನ ಗಾಳಿ ಬದಲಾಯ್ತಂತೆ, ಗಾಳಿ ಬದಲಾಯಿಸೋ ಮೆಷಿನ್ ಹಾಕಿದ ರೂಮುಗಳ ಲೆಕ್ಕ 12. ಎತ್ತರದ ಸೂರು, ದೊಡ್ಡ ಕಿಟಕಿ ಇರೋ ಹಳೇ ಕಟ್ಟಡಗಳೇ ಹೊಸದಕ್ಕಿಂತ ಚೆನ್ನಾಗಿದ್ವಂತೆ, ನನಗೆ ಓದಿ ಖುಷಿಯಾಯ್ತು, ಹಳೇದಕ್ಕೂ ಒಂದು ಬೆಲೆ ಇದೆ ನೋಡು. ಆದ್ರೆ ಕಿಟಕಿ ತೆಗೀಬೇಕು ಅಂತ ಗೋಡೆಗೆ ಅಂಟಿಸಿದ್ರೆ ಅದು ತೆಗೆಯಲ್ಲ. ಬೆಳಿಗ್ಗೆ ತೆಗೆಯೋರು ಯಾರು, ಚಳಿ ಅಂತ ಯಾರೋ ಮುಚ್ಚಿದ್ರೆ ಮತ್ತೆ ತೆಗೆಯೋರು ಯಾರು, ಹೆಸರು ಬರೆಸಿಯೇ ಟ್ರೈನಿಂಗ್ ಮುಗಿಸು.

ಮಾಸ್ಕ್ ಬೇಡ ಅಂತಲ್ಲ, ಅದು ಕೊನೇದು. ಕೆಮ್ಮೋರಿಗೆ ಸರ್ಜಿಕಲ್ ಮಾಸ್ಕ್, ಸ್ಟಾಫ್‌ಗೆ ಎನ್95, ಇದನ್ನ ಉಲ್ಟಾ ಮಾಡ್ಕೊಂಡಿರೋರೇ ಜಾಸ್ತಿ. ಗಡ್ಡ ಬಿಟ್ಕೊಂಡು ಅದರ ಮೇಲೆ ಹಾಕಿದ ಎನ್95 ಮುಖಕ್ಕೆ ಬಿಗಿಯಾಗಿ ಕೂರಲ್ಲ, ಬರೀ ಸಮಾಧಾನಕ್ಕೆ.

ಮತ್ತೆ ಈ ಬೇರೆ ಕೂರಿಸೋ ವಿಷಯ. ನಾವು ಒಂದು ಕಾಲದಲ್ಲಿ ಕೆಮ್ಮೋರನ್ನ "ಏಯ್ ನೀನು, ಆ ಕಡೆ ಹೋಗು" ಅಂತ ಕೂಗ್ತಿದ್ವಿ, ಎಲ್ರೂ ತಿರುಗಿ ನೋಡೋರು. ಮೊದಲೇ ಎಚ್‌ಐವಿ ಅಂತ ಕುಗ್ಗಿರ್ತಾರೆ, ಮುಂದಿನ ತಿಂಗಳು ಬರೋದೇ ಇಲ್ಲ, ಬಂದ್ರೂ ಕೆಮ್ಮು ಮುಚ್ಚಿಡ್ತಾರೆ. "ನಿಮ್ಮನ್ನ ಮೊದಲು ನೋಡಿ ಬೇಗ ಕಳಿಸ್ತೀವಿ ಬನ್ನಿ" ಅಂತ ಹೇಳೋಕೆ ಕಲಿಸು, ಬಾಯಲ್ಲಿ ಹೇಳಿ ಬಿಡ್ಬೇಡ, ಒಬ್ಬೊಬ್ಬರ ಕೈಲೂ ಜೋರಾಗಿ ಹೇಳಿಸು. ಕೆಮ್ಮೋರಿಗೆ ಕ್ಯೂ ಇಲ್ಲ ಅಂತ ಗೊತ್ತಾದ್ರೆ ಅವರೇ ಕೈ ಎತ್ತುತ್ತಾರೆ. (ಕೆಮ್ಮಿಲ್ಲದೋರೂ ಎತ್ತುತ್ತಾರೆ, ಪರವಾಗಿಲ್ಲ ಬಿಡು.)

ಸ್ಟಾಫಲ್ಲೂ ಎಚ್‌ಐವಿ ಇರೋರು ಇರ್ಬಹುದು, ಅದನ್ನ ನೀನು ಕ್ಲಾಸಲ್ಲಿ ಕೆದಕೋ ಹಾಗಿಲ್ಲ. ಗುಟ್ಟಾಗಿ ಟೆಸ್ಟ್ ಮಾಡಿಸ್ಕೊಳ್ಳೋ ದಾರಿ, ಎಆರ್‌ಟಿ, ಟಿಬಿ ಬರದ ಹಾಗೆ ಕೊಡೋ ಮಾತ್ರೆ, ಬೇಕಂದ್ರೆ ಅಪಾಯ ಕಮ್ಮಿ ಇರೋ ಜಾಗಕ್ಕೆ ಕೆಲಸ ಬದಲಾವಣೆ, ಇಷ್ಟು ಇದೆ ಅಂತ ಎಲ್ರಿಗೂ ಒಟ್ಟಿಗೆ ಹೇಳ್ಬಿಡು, ಬೇಕಾದೋರು ತಗೊಳ್ತಾರೆ. ನಮ್ಮ ಕೌನ್ಸೆಲರ್ ಎರಡು ತಿಂಗಳು ಕೆಮ್ಮು ಮುಚ್ಚಿಟ್ಕೊಂಡು ಡ್ಯೂಟಿ ಮಾಡಿದ್ಳು, ಅಲರ್ಜಿ ಅಂತಿದ್ಳು.

ಮೊನ್ನೆ ಫೋನಲ್ಲಿ ನೀನೂ ನಾಲ್ಕೈದು ಸಲ ಕೆಮ್ಮಿದೆ, ಕೇಳಿದ್ರೆ ಧೂಳು ಅಂದೆ. ಕಫ ಕೊಟ್ಟು ಬಾ, ರಿಪೋರ್ಟ್ ಫೋಟೋ ಕಳ್ಸು, ಸ್ಲೈಡ್ ಆಮೇಲೆ ತಿದ್ದೋಣ.

ನಿನ್ನ ದೊಡ್ಡಮ್ಮ