ನೆರೆಯವರ ಬಾಗಿಲಿಗೆ ಮೊದಲು ಹೋಗು

ವಿಜಯಪುರ

ತಮ್ಮಾ, ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಓಟಿ, ಅಂದರೆ ಹೆಚ್ಚು ಹೊತ್ತು ದುಡಿದದ್ದರ ದುಡ್ಡು ಕೊಡದಿದ್ದರೆ ಒಂದನೇ ತಾರೀಕಿನಿಂದ ಎಲ್ಲರೂ ಕೆಲಸ ನಿಲ್ಲಿಸುತ್ತೇವೆ ಅಂತ ಬರೆದಿದ್ದೀಯ. ನಿನ್ನ ಸಿಟ್ಟು ನ್ಯಾಯದ್ದೇ. ಬೇಡ ಅನ್ನಲಾರೆ. ಆದರೆ ಒಬ್ಬ ಪಠಾಣ ಸರದಾರನ ಸಂಗತಿ ಹೇಳುತ್ತೇನೆ, ಸಮಾಧಾನದಿಂದ ಓದು.

ಖುಷಾಲ್ ಖಾನ್ ಖಟಕ್ ಅಂತ. ಹುಟ್ಟಿದ್ದು 1613ರಲ್ಲಿ, ಪೇಶಾವರದ ಕಡೆಯ ಅಕೋಡಾದಲ್ಲಿ. ಸಿಂಧೂ ನದಿ ದಡದ ಅಟಕ್‌ನಿಂದ ಪೇಶಾವರದ ತನಕ ಮೊಘಲರ ದಾರಿ ಕಾಯುವುದು ಅವನ ಮನೆತನದ ಕೆಲಸ. ಷಹಜಹಾನನಿಗೆ ನಿಯತ್ತಿನಿಂದ ದುಡಿದ. ಬಾದಶಾಹನ ಪರವಾಗಿ ಪಕ್ಕದ ಯೂಸುಫ್‌ಝೈ ಪಠಾಣರ ಮೇಲೆ ಎಷ್ಟೋ ಸಲ ಕತ್ತಿ ಎತ್ತಿದ. ಅಂಥವನಿಗೇ 1664ರಲ್ಲಿ, ಔರಂಗಜೇಬನ ಕಾಲಕ್ಕೆ, ಪೇಶಾವರದಲ್ಲಿ ಬೇಡಿ ಬಿತ್ತು. ರಾಜಸ್ಥಾನದ ರಣಥಂಬೋರ್ ಕೋಟೆಯಲ್ಲಿ ಕೂಡಿಹಾಕಿದರು. ತಲೆಗೆ ರುಮಾಲು ಸುತ್ತುವ ಯೋಗ್ಯತೆ ಯಾರಿಗಿದೆ ಅಂತ ಒಂದು ಪುಸ್ತಕವನ್ನೇ ಅವನು ಆ ಸೆರೆಯಲ್ಲಿ ಕೂತು ಬರೆದ.

ಬಿಡುಗಡೆಯಾದ ಮೇಲೆ ದಂಗೆಯೆದ್ದ. 1672ರಲ್ಲಿ ಅಫ್ರೀದಿ ಪಠಾಣರು ಖೈಬರ್ ಕಣಿವೆಯಲ್ಲಿ ಕಾಬೂಲಿನ ಮೊಘಲ್ ಸುಬೇದಾರನ ಸೈನ್ಯವನ್ನು ನುಚ್ಚುನೂರು ಮಾಡಿದ್ದರು. ಇವನೂ ಅವರ ಜೊತೆ ನಿಂತ. 1674ರಲ್ಲಿ ಔರಂಗಜೇಬ ತಾನೇ ಅಟಕ್ ಹತ್ತಿರದ ಹಸನ್ ಅಬ್ದಾಲ್ ಅನ್ನೋ ಊರಿಗೆ ಬಂದು ಡೇರೆ ಹಾಕಬೇಕಾಯಿತು. ಅಲ್ಲಿ ಫಿರಂಗಿಗಿಂತ ಹಣದ ಚೀಲವೇ ಜಾಸ್ತಿ ಕೆಲಸ ಮಾಡಿತು. ಒಬ್ಬ ಸರದಾರನಿಗೆ ರೊಕ್ಕ, ಇನ್ನೊಬ್ಬನಿಗೆ ಜಾಗೀರು, ಮತ್ತೊಬ್ಬನಿಗೆ ಹುದ್ದೆ.

ಖುಷಾಲ್ ಯೂಸುಫ್‌ಝೈಗಳಿದ್ದ ಸ್ವಾತ್ ಕಣಿವೆಯ ಕಡೆ ಹೋದ. ನನ್ನ ಜೊತೆ ಬನ್ನಿ ಅಂತ ಅವರನ್ನು ಕೇಳಿಕೊಂಡ. ಅವರು ಬರಲಿಲ್ಲ. ಹೇಗೆ ಬರುತ್ತಾರೆ ಹೇಳು? ಅವನ ಕತ್ತಿಯ ಗಾಯ ಅವರ ಮೈಮೇಲೆ ಇತ್ತಲ್ವಾ? ಕೊನೆಗೆ ಹೆತ್ತ ಮಗ ಬಹ್ರಾಮನೇ ಮೊಘಲರ ಕಡೆ ಸೇರಿದ.

ಈಗ ನಿಮ್ಮ ಸಂಗತಿಗೆ ಬರುತ್ತೇನೆ. ಹೋದ ವರ್ಷ ನಿಮ್ಮಲ್ಲಿ ಗುತ್ತಿಗೆಯ ಹುಡುಗರು ಗೇಟಿನ ಮುಂದೆ ಕೂತಿದ್ದರು. ನೀವು ಕಾಯಂನವರು ಅವರನ್ನು ದಾಟಿಕೊಂಡು ಒಳಗೆ ಹೋದಿರಿ, ಅವರ ಪಾಳಿಯನ್ನೂ ನೀವೇ ಮಾಡಿದಿರಿ. ಇದನ್ನು ನೀನೇ ಫೋನಿನಲ್ಲಿ ಹೇಳಿದ್ದು. ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಈಗ ಅವರು ನಿಮ್ಮ ಪಾಳಿ ಮಾಡಲು ನಿಂತರೆ ಯಾವ ಬಾಯಿಂದ ಬೈಯುತ್ತೀ?

ಈ ಕಾಗದ ಕೈಸೇರಿದ ದಿನವೇ ಅವರ ರೂಮಿಗೆ ಹೋಗು. ಭಾಷಣ ಬೇಡ. ಅವರ ಜೊತೆ ನೆಲದ ಮೇಲೆ ಕೂತು ಚಹಾ ಕುಡಿ. ಹೋದ ವರ್ಷ ನಮ್ಮದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳು. ಬೇಡಿಕೆಯ ಪಟ್ಟಿಯಲ್ಲಿ ಅವರದ್ದನ್ನೂ ಬರೆಯಿರಿ, ಮೊದಲಿಗೇ ಬರೆಯಿರಿ.

ಖುಷಾಲ್‌ನ ಹಿರಿಮಗ ಅಶ್ರಫ್ ಖಾನ್ ಮೊಘಲರ ಸೆರೆಯಾಳಾಗಿ ನಮ್ಮೂರಿನ ಕೋಟೆಯಲ್ಲೇ ಇದ್ದ. ತನ್ನ ಊರು ನೆನೆದು ಇಲ್ಲಿಂದ ಪಠಾಣರ ಭಾಷೆ ಪಶ್ತೋದಲ್ಲಿ ಪದ್ಯ ಬರೆದ. ಅಗಲಿಕೆಯವನು ಅನ್ನೋ ಅರ್ಥದ ಹಿಜ್ರಿ ಅನ್ನುವುದು ಅವನ ಕಾವ್ಯನಾಮ. ಸೆರೆಯಲ್ಲೇ ತೀರಿಕೊಂಡ. ಸಂಜೆ ಕೋಟೆಗೋಡೆಯ ಪಕ್ಕ ನಡೆಯುವಾಗ ನನಗೆ ಅವನದೇ ಯೋಚನೆ.

ಹುಡುಗರು ಏನಂದರು ಅಂತ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಎಚ್ಚರವಾಗಿಯೇ ಇರುತ್ತೇನೆ.

ನಿನ್ನ ಅಜ್ಜ