ಸಂಬಳ ಕಡಿತವಾದ ದಿನವೇ ನೋಟಿಸ್ ಅವಧಿಯೂ ರದ್ದಾಗಲಿ: ನಮ್ಮ ಸಂಸದರಿಗೆ ಒಬ್ಬ ಪೈಲಟ್‌ನ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ ಗೌರವಪೂರ್ವಕ ನಮಸ್ಕಾರಗಳು.

ನಮ್ಮ ಭಾಗಕ್ಕೆ ಇನ್ನಷ್ಟು ವಿಮಾನಗಳು ಬೇಕೆಂದು ತಾವು ನಾಗರಿಕ ವಿಮಾನಯಾನ ಸಚಿವರಿಗೆ ಬರೆಯುವ ಪತ್ರಗಳ ಸುದ್ದಿಯನ್ನು ನಾನು ಪತ್ರಿಕೆಗಳಲ್ಲಿ ತಪ್ಪದೆ ಓದುತ್ತೇನೆ. ಹೊಸ ಮಾರ್ಗ ಬೇಕು, ರಾತ್ರಿ ಇಳಿಯುವ ಸೌಲಭ್ಯ ಬೇಕು, ಮುಂಬೈಗೆ ನೇರ ವಿಮಾನ ಬೇಕು, ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಆ ವಿಮಾನವನ್ನು ಹಾರಿಸುವವರು ಯಾವ ಷರತ್ತಿಗೆ ಒಳಪಟ್ಟು ಹಾರಿಸುತ್ತಿದ್ದಾರೆ ಎಂಬ ಬಗ್ಗೆ ತಮ್ಮ ಒಂದು ಸಾಲೂ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಎಟಿಆರ್ ಎಂಬ, ಸಣ್ಣ ಊರುಗಳ ನಡುವೆ ಹಾರುವ ಸಣ್ಣ ಪ್ರಯಾಣಿಕ ವಿಮಾನದ ಎಡಗಡೆಯ ಸೀಟಿನಲ್ಲಿ ಕೂರುವವನು, ಅಂದರೆ ಕಮಾಂಡರ್; ತಮ್ಮ ಕ್ಷೇತ್ರದ ಮತದಾರ; ತಮ್ಮನ್ನೇ ಒಂದೆರಡು ಬಾರಿ ಬೆಂಗಳೂರಿಗೆ ಕರೆದೊಯ್ದವನೂ ಹೌದು. ಬಹಳ ಕಾಲ ಸುಮ್ಮನಿದ್ದೆ, ಇನ್ನು ಸುಮ್ಮನಿರುವುದು ಸಾಧ್ಯವಾಗದ ಕಾರಣ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯು ಪೈಲಟ್‌ನ ಸಂಬಳವನ್ನು ಕಡಿತಗೊಳಿಸಿದ, ತಡೆಹಿಡಿದ ಅಥವಾ ಅವನನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದ ದಿನವೇ ಅವನ ಮೇಲಿರುವ ನೋಟಿಸ್ ಅವಧಿಯ ಕಟ್ಟುಪಾಡು ತಾನಾಗಿಯೇ ರದ್ದಾಗಬೇಕು.

ನಿಯಮ ತಮಗೆ ಗೊತ್ತಿರುವುದೇ. ಕೆಲಸ ಬಿಡಬಯಸುವ ಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮೊದಲು ವಿಧಿಸಿತ್ತು. 2017ರಲ್ಲಿ ಅದನ್ನು ಕಮಾಂಡರ್‌ಗಳಿಗೆ ಒಂದು ವರ್ಷಕ್ಕೆ ಏರಿಸಿ, ಕೋ-ಪೈಲಟ್‌ಗಳಿಗೆ ಆರು ತಿಂಗಳನ್ನೇ ಉಳಿಸಿತು. ಪೈಲಟ್‌ಗಳು ಏಕಾಏಕಿ ಬಿಟ್ಟುಹೋದರೆ ವಿಮಾನಗಳು ರದ್ದಾಗಿ ಪ್ರಯಾಣಿಕರು ಪರದಾಡಬೇಕಾಗುತ್ತದೆ, ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಂಪನಿ ಒಪ್ಪಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟರೆ ಬೇಗ ಹೋಗಬಹುದು, ಒಪ್ಪದಿದ್ದರೆ ಇಲ್ಲ. ನೋಟಿಸ್ ಅವಧಿಯಲ್ಲಿ ಕಂಪನಿಯು ಸಂಬಳ ಕಡಿತ ಮಾಡಿದರೆ ಅವಧಿಗೆ ಮುನ್ನ ಬಿಡುಗಡೆ ಕೋರಿ ಮನವಿ ಸಲ್ಲಿಸಲು ಪೈಲಟ್ ಸ್ವತಂತ್ರ ಎಂಬ ಮಾತೂ ಅದೇ ನಿಯಮದಲ್ಲಿದೆ. ಅಂದರೆ ರಾಜೀನಾಮೆ ಕೊಟ್ಟ ಮೇಲೆ ಸಂಬಳ ಕಡಿದರೆ ಮನವಿ ಸಲ್ಲಿಸುವ ಭಾಗ್ಯವಾದರೂ ಉಂಟು. ಸಂಬಳ ಕಡಿದರೆಂಬ ಕಾರಣಕ್ಕೇ ರಾಜೀನಾಮೆ ಕೊಡುವವನಿಗೆ ಅದೂ ಇಲ್ಲ. ಯಾವ ಕಂಪನಿ ತಾನೇ ಪೈಲಟ್ ರಾಜೀನಾಮೆ ಕೊಡುವವರೆಗೆ ಕಾದು ಆಮೇಲೆ ಸಂಬಳ ಕಡಿಯುತ್ತದೆ?

ಕಳೆದ ಮಳೆಗಾಲದಲ್ಲಿ ನಾನು ಕೆಲಸ ಮಾಡುವ ಕಂಪನಿಯು ನಮ್ಮನ್ನು ಗುಂಪು ಗುಂಪಾಗಿ ದೇವನಹಳ್ಳಿ ಕಡೆಯ ಒಂದು ಹೋಟೆಲಿಗೆ ಕರೆಸಿತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಕರಾರಿನಲ್ಲಿ ಅದಕ್ಕೂ ಒಂದು ಕಲಂ ಇದೆ. ತಣ್ಣನೆಯ ಹಾಲಿನಲ್ಲಿ ಪರದೆಯ ಮೇಲೆ ಇಂಧನದ ಬೆಲೆ, ಡಾಲರಿನಲ್ಲಿ ಕಟ್ಟಬೇಕಾದ ಲೀಸ್ ಬಾಡಿಗೆ, ಎಂಜಿನ್ ದುರಸ್ತಿಯ ವೆಚ್ಚ, ತುಂಬದ ಸೀಟುಗಳು ಎಲ್ಲವನ್ನೂ ತೋರಿಸಿದರು. ಅದರಲ್ಲಿ ಸುಳ್ಳಿರಲಿಲ್ಲ, ಎಪ್ಪತ್ತು ಸೀಟಿನ ವಿಮಾನವನ್ನು ಸಣ್ಣ ಊರುಗಳ ನಡುವೆ ಹಾರಿಸಿ ಲಾಭ ಮಾಡುವುದು ಎಷ್ಟು ಕಷ್ಟವೆಂದು ಖಾಲಿ ಸೀಟುಗಳನ್ನು ದಿನವೂ ನೋಡುವ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕೊನೆಗೆ ಎಲ್ಲರ ಮುಂದೆ ಒಂದೊಂದು ಹಾಳೆ ಬಂತು. ತಿಂಗಳಿಗೆ ಎಪ್ಪತ್ತು ಗಂಟೆಗಳ ಹಾರಾಟಕ್ಕೆ ಖಾತರಿಯಾಗಿದ್ದ ವೇತನವನ್ನು ನಲವತ್ತು ಗಂಟೆಗಳಿಗೆ ಇಳಿಸಲು, ಹೊರ ಊರಿನಲ್ಲಿ ತಂಗುವ ಭತ್ಯೆಯನ್ನು ಬಿಡಲು, ನಾನು ಸ್ವಯಂಪ್ರೇರಣೆಯಿಂದ ಒಪ್ಪಿದ್ದೇನೆ ಎಂದು ಅದರಲ್ಲಿ ಮುದ್ರಿಸಲಾಗಿತ್ತು. ಸಹಿ ಮಾಡಿದವರ ಕೆಲಸ ಉಳಿಯುತ್ತದೆ ಎಂದರು. ಎಷ್ಟು ಕಾಲ ಉಳಿಯುತ್ತದೆ, ಅದನ್ನೂ ಇದೇ ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿದೆ. ಮಾರುಕಟ್ಟೆಯ ಪರಿಸ್ಥಿತಿ ಅನುಕೂಲವಾಗಿರುವವರೆಗೆ ಎಂಬ ಉತ್ತರ ಬಂತು, ಅದೂ ಬಾಯಿಮಾತಿನಲ್ಲಿ. ಹಾಳೆಯನ್ನು ಮನೆಗೆ ಒಯ್ಯಲು ಬಿಡಲಿಲ್ಲ.

ನನ್ನ ಪಕ್ಕದಲ್ಲಿ ಮಲೆನಾಡಿನ ಒಬ್ಬ ಹುಡುಗ ಕೂತಿದ್ದ, ಕೋ-ಪೈಲಟ್. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾದ ಇನ್ನೂರು ಗಂಟೆಗಳ ತರಬೇತಿಗೂ ಅದರ ಮೇಲೆ ಎಟಿಆರ್ ಟೈಪ್ ರೇಟಿಂಗಿಗೂ, ಅಂದರೆ ಆ ಬಗೆಯ ವಿಮಾನ ಹಾರಿಸುವ ಅರ್ಹತೆಗೂ, ಅವನ ತಂದೆ ಅಡಿಕೆ ತೋಟವನ್ನು ಬ್ಯಾಂಕಿಗೆ ಅಡಮಾನ ಇಟ್ಟಿದ್ದರು. "ಸರ್, ತಿಂಗಳ ಕಂತು ಕಟ್ಟಬೇಕಲ್ಲ, ನೀವೇನು ಮಾಡ್ತೀರಿ?" ಎಂದು ಕೇಳಿದ. ನಾನೂ ಸಹಿ ಮಾಡಿದೆ, ಅವನೂ ಮಾಡಿದ. ವಿಮಾನದ ಜ್ಞಾನ ಕಡಿಮೆ ಇರುವವರು ನಮ್ಮನ್ನು ಕೇಳುವುದುಂಟು, ಇಷ್ಟು ಕಷ್ಟವಿದ್ದರೆ ಬೇರೆ ಕಂಪನಿಗೆ ಹೋಗಬಾರದೇ ಎಂದು. ಎಟಿಆರ್ ಹಾರಿಸುವವನು ನಾಳೆ ಬೆಳಿಗ್ಗೆ ಏರ್‌ಬಸ್ ಹಾರಿಸಲಾರ. ಅದಕ್ಕೆ ಮತ್ತೊಂದು ಟೈಪ್ ರೇಟಿಂಗ್ ಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ ಹಣ ಬೇಕು. ಈ ದೇಶದಲ್ಲಿ ಎಟಿಆರ್ ಇರುವ ಕಂಪನಿಗಳು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯ ಬಾಗಿಲುಗಳಿಗೂ ಒಂದು ವರ್ಷದ ಬೀಗ.

ದೀಪಾವಳಿಗೆ ಮುಂಚೆ ಎರಡು ವಿಮಾನಗಳು ಲೀಸ್ ಕೊಟ್ಟವರಿಗೆ ಹಿಂದಿರುಗಿದವು. ಇನ್ನು ನಾನು ಹೇಳುವುದನ್ನು ತಾವು ನಂಬಲಿಕ್ಕಿಲ್ಲ, ಆದರೆ ಎರಡೂ ಪತ್ರಗಳು ನನ್ನ ಬಳಿ ಇವೆ, ತಮ್ಮ ಕಚೇರಿಗೆ ತಂದು ತೋರಿಸಲು ಸಿದ್ಧನಿದ್ದೇನೆ. ಬೆಳಿಗ್ಗೆ ಬಂದ ಪತ್ರದಲ್ಲಿ, ಹಾರಾಟಗಳು ಕಡಿಮೆಯಾಗಿರುವುದರಿಂದ ಮುಂದಿನ ಆದೇಶದವರೆಗೆ ತಮ್ಮನ್ನು ಸಂಬಳವಿಲ್ಲದ ರಜೆಯ ಮೇಲೆ ಇರಿಸಲಾಗಿದೆ ಎಂದಿತ್ತು. ಮಧ್ಯಾಹ್ನ ನಾನು ರಾಜೀನಾಮೆ ಕಳಿಸಿದೆ, ಏಕೆಂದರೆ ಇನ್ನೊಂದು ಕಂಪನಿ ನನ್ನನ್ನು ತಕ್ಷಣ ಸೇರಿಸಿಕೊಳ್ಳಲು ತಯಾರಿತ್ತು. ಸಂಜೆ ಬಂದ ಉತ್ತರದಲ್ಲಿ, ವಿಮಾನ ಸಂಚಾರದ ದೃಷ್ಟಿಯಿಂದ ತಮ್ಮ ಸೇವೆ ಅತ್ಯಗತ್ಯವಾಗಿರುವುದರಿಂದ ನಿಯಮಾನುಸಾರ ಒಂದು ವರ್ಷದ ನೋಟಿಸ್ ಅವಧಿಯನ್ನು ಪೂರೈಸತಕ್ಕದ್ದು, ಎನ್‌ಒಸಿ ನೀಡಲು ಬರುವುದಿಲ್ಲ ಎಂದಿತ್ತು. ಬೆಳಿಗ್ಗೆ ಬೇಡವಾದವನು ಸಂಜೆಗೆ ಅತ್ಯಗತ್ಯನಾದೆ! ಕೆಲಸವಿಲ್ಲ, ಸಂಬಳವಿಲ್ಲ, ಬಿಡುಗಡೆಯೂ ಇಲ್ಲ. ಇದಕ್ಕೆ ಏನೆಂದು ಹೆಸರಿಡಬೇಕೆಂದು ಶಾಸನ ಮಾಡುವ ಸ್ಥಾನದಲ್ಲಿರುವ ತಾವೇ ಹೇಳಬೇಕು.

ಸಂಬಳವಿಲ್ಲದ ರಜೆಯೆಂದರೆ ಮನೆಯಲ್ಲಿ ಆರಾಮಾಗಿ ಇರುವುದೆಂದು ಭಾವಿಸಬೇಡಿ. ಪೈಲಟ್ ಆದವನು ತೊಂಬತ್ತು ದಿನಗಳೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರದಿದ್ದರೆ ಮತ್ತೆ ಪರೀಕ್ಷೆಗೆ ಒಳಗಾಗದೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಆರು ತಿಂಗಳಿಗೊಮ್ಮೆ ಪ್ರಾವೀಣ್ಯ ಪರೀಕ್ಷೆ ಇರುತ್ತದೆ, ಅದಕ್ಕೆ ಸಿಮ್ಯುಲೇಟರ್ ಬೇಕು, ಅದನ್ನು ಏರ್ಪಡಿಸುವುದು ಕಂಪನಿ. ಕೂತಷ್ಟೂ ಕೈಚಳಕ ಕಳೆದುಕೊಳ್ಳುತ್ತೇವೆ, ಅದರೊಂದಿಗೆ ಮಾರುಕಟ್ಟೆಯಲ್ಲಿ ನಮಗಿರುವ ಬೆಲೆಯೂ ಹೋಗುತ್ತದೆ. ನನ್ನನ್ನು ಸೇರಿಸಿಕೊಳ್ಳಲು ತಯಾರಿದ್ದ ಕಂಪನಿಯು ಎನ್‌ಒಸಿಗಾಗಿ ಸ್ವಲ್ಪ ಕಾಲ ಕಾದು ಬೇರೆಯವರನ್ನು ತೆಗೆದುಕೊಂಡಿತು. ಅವರನ್ನು ದೂರುವುದಿಲ್ಲ.

ಲಕ್ಷಗಟ್ಟಲೆ ಸಂಬಳ ಎಣಿಸುವವರ ಗೋಳು ಇದು ಎಂದು ತಮ್ಮ ಸುತ್ತಲಿನವರು ನಕ್ಕಾರು. ನಗಲಿ. ಸಂಬಳ ಎಷ್ಟೇ ಇರಲಿ, ಅದನ್ನು ಒಂದು ಕಡೆಯವರು ಮಾತ್ರ ಬದಲಿಸಬಹುದು, ಇನ್ನೊಂದು ಕಡೆಯವರು ಎದ್ದು ಹೋಗಲೂ ಬಾರದು ಎಂಬುದಾದರೆ ಅದು ಕರಾರು ಹೇಗಾಗುತ್ತದೆ? ಅಮೆರಿಕದಲ್ಲಿ 2014ರಲ್ಲಿ ಅಮೆರಿಕನ್ ಈಗಲ್ ಎಂಬ ಪ್ರಾದೇಶಿಕ ಕಂಪನಿಯ ಪೈಲಟ್‌ಗಳ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು: ರಿಯಾಯಿತಿಗಳಿಗೆ ಒಪ್ಪಿದರೆ ಹೊಸ ವಿಮಾನಗಳು, ಒಪ್ಪದಿದ್ದರೆ ಕಂಪನಿ ಕಿರಿದಾಗುತ್ತದೆ ಎಂದು. ಅವರು ಸಂಘದ ಮೂಲಕ ಮತ ಹಾಕಿ ಬಹುಮತದಿಂದ ಬೇಡವೆಂದರು. ಅವರ ತೀರ್ಮಾನ ಸರಿಯೋ ತಪ್ಪೋ ನನಗೆ ಸಂಬಂಧವಿಲ್ಲ. ಕರಾರಿನ ಪೂರ್ತಿ ಪ್ರತಿಯನ್ನು ಓದಿ, ಚರ್ಚಿಸಿ, ಬೇಡವೆನ್ನುವ ಅವಕಾಶ ಅವರಿಗಿತ್ತು. ನಮಗೆ ಇದ್ದದ್ದು ಹೋಟೆಲಿನ ಒಂದು ಪೆನ್ನು.

ಇದು ನನ್ನೊಬ್ಬನ ಕಂಪನಿಯ ಕಥೆಯಾಗಿದ್ದರೆ ತಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. 2003ರಲ್ಲಿ ಏರ್ ಡೆಕ್ಕನ್ ಎಟಿಆರ್ ವಿಮಾನಗಳೊಂದಿಗೆ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಲು ತೊಡಗಿದಾಗ ನಮ್ಮಲ್ಲಿ ಎಷ್ಟೋ ಹುಡುಗರಿಗೆ ಈ ವೃತ್ತಿಯ ಆಸೆ ಹುಟ್ಟಿತು. ಆ ಕಂಪನಿ ಬೆಂಗಳೂರಿನದೇ ಆದ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. ಕಿಂಗ್‌ಫಿಷರ್ ತಿಂಗಳುಗಟ್ಟಲೆ ಸಂಬಳ ಕೊಡದೆ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಬೀದರ್‌ಗೆ ವಿಮಾನ ಹಾರಿಸಿದ ಟ್ರೂಜೆಟ್ 2022ರಲ್ಲಿ ನಿಂತುಹೋಯಿತು. ಪೈಲಟ್‌ಗಳು ಏಕಾಏಕಿ ಬಿಟ್ಟುಹೋದರೆ ಪ್ರಯಾಣಿಕರಿಗೆ ತೊಂದರೆ ಎಂದು ಒಂದು ವರ್ಷ ಮೊದಲೇ ನಮ್ಮಿಂದ ನೋಟಿಸ್ ಕೇಳುವ ಸರ್ಕಾರವು, ಬಾಗಿಲು ಮುಚ್ಚುವ ಕಂಪನಿಯಿಂದ ಎಷ್ಟು ದಿನಗಳ ನೋಟಿಸ್ ಪಡೆದಿತ್ತು ಎಂದು ಸದನದಲ್ಲಿ ಯಾರಾದರೂ ಕೇಳಿದ್ದಾರೆಯೇ? ಕಂಪನಿ ಮುಳುಗಿ ದಿವಾಳಿ ಸಂಹಿತೆಯ ಕೆಳಗೆ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸುವ ಹಂತಕ್ಕೆ, ಹೋದರೆ, ಕಾರ್ಮಿಕರ 24 ತಿಂಗಳ ಬಾಕಿ ಬ್ಯಾಂಕುಗಳ ಸಾಲದ ಸಮಸಾಲಿನಲ್ಲಿ ನಿಲ್ಲುತ್ತದೆ. ಕಾರ್ಮಿಕರ ವ್ಯಾಖ್ಯೆಯಲ್ಲಿ ಬರದ ನೌಕರರ ಬಾಕಿ ಅದಕ್ಕಿಂತ ಕೆಳಗಿನ ಸಾಲಿಗೆ ಹೋಗುತ್ತದೆ, ಅದೂ 12 ತಿಂಗಳದ್ದು ಮಾತ್ರ. ಹೀಗಿರುವಾಗ ಮುಳುಗುತ್ತಿರುವ ಕಂಪನಿಯಿಂದ ಬೇಗ ಹೊರಬರುವುದೊಂದೇ ನಮಗಿರುವ ರಕ್ಷಣೆ, ನೋಟಿಸ್ ಅವಧಿ ತಡೆಯುವುದೂ ಅದನ್ನೇ.

2023ರಲ್ಲಿ ಆಕಾಶ ಏರ್‌ನ ಕೆಲವು ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಬಿಟ್ಟುಹೋದಾಗ ಪ್ರಕರಣ ದೆಹಲಿ ಹೈಕೋರ್ಟಿಗೆ ಹೋಯಿತು. ವಿಮಾನಯಾನ ಕಂಪನಿ ಮತ್ತು ಪೈಲಟ್‌ಗಳ ನಡುವಿನ ಉದ್ಯೋಗ ಕರಾರಿನಲ್ಲಿ ತಾನು ಮಧ್ಯಪ್ರವೇಶಿಸಲಾಗದು ಎಂದು ಮಹಾನಿರ್ದೇಶನಾಲಯವು ನ್ಯಾಯಾಲಯಕ್ಕೆ ತಿಳಿಸಿತು. ನನಗೆ ಅರ್ಥವಾಗದಿರುವುದು ಇಷ್ಟೇ: ಒಂದು ವರ್ಷದ ನೋಟಿಸ್ ಎಂದು ನಿಯಮ ಮಾಡಿದ್ದು ಅದೇ ಸಂಸ್ಥೆಯಲ್ಲವೇ? ಅದು ಕರಾರಿನಲ್ಲಿ ಮಧ್ಯಪ್ರವೇಶವಲ್ಲದೆ ಮತ್ತೇನು? ಇನ್ನು 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಗೊಳಿಸಿದಾಗ ನಡೆದದ್ದು ದೇಶಕ್ಕೇ ಗೊತ್ತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಗಳು 2024ರ ಜನವರಿಯಲ್ಲೇ ಪ್ರಕಟವಾಗಿದ್ದವು. ಆದರೂ ತಯಾರಾಗದ ಕಂಪನಿಗೆ ರಾತ್ರಿ ಪಾಳಿಯ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು. ಕಂಪನಿಗೆ ಕಷ್ಟವಾದರೆ ನಿಯಮ ಕೆಲವೇ ದಿನಗಳಲ್ಲಿ ಬಾಗುತ್ತದೆ, ಪೈಲಟ್‌ಗೆ ಕಷ್ಟವಾದರೆ ಅದೇ ನಿಯಮ ಕಲ್ಲಾಗುತ್ತದೆ.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ, ತಾವು ಮೆಚ್ಚುವ ಉಡಾನ್ ಯೋಜನೆಯ ಬಗ್ಗೆಯೂ ಎರಡು ಮಾತು. ಪ್ರಾದೇಶಿಕ ಮಾರ್ಗಗಳಿಗೆ ಮೂರು ವರ್ಷ ಕೊಡುವ ನಷ್ಟ ಭರ್ತಿ ಹಣದಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ, ಅಂದರೆ ನಮ್ಮ ತೆರಿಗೆಯೂ ಇದೆ. ಮಹಾಲೇಖಪಾಲರ 2023ರ ವರದಿಯ ಪ್ರಕಾರ ಮೂರನೆಯ ಹಂತದವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಆ ಬಳಿಕವೂ 2023ರ ಮಾರ್ಚ್‌ವರೆಗೆ ಉಳಿದಿದ್ದು 54. ಮಾರ್ಗ ಮುಚ್ಚಿದಾಗಲೆಲ್ಲ ತಾವು ವಿಮಾನ ನಿಲ್ದಾಣದ ಕಟ್ಟಡವನ್ನು ತೋರಿಸಿ ಬೇಸರ ಪಡುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಗಾಜಿನ ಟರ್ಮಿನಲ್‌ಗಳು ಏಳುತ್ತವೆ, ಅವುಗಳಿಂದ ಹಾರುವವರ ಸಂಬಳ ಸಂದಿದೆಯೇ ಎಂದು ಸಬ್ಸಿಡಿ ಬಿಡುಗಡೆ ಮಾಡುವವರು ಒಮ್ಮೆಯೂ ಕೇಳಿದಂತೆ ಕಾಣುವುದಿಲ್ಲ.

ನೋಟಿಸ್ ಅವಧಿಯನ್ನೇ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಸಂಬಳ ಸರಿಯಾಗಿ ಕೊಡುವ ಕಂಪನಿಯನ್ನು ಪೈಲಟ್ ರಾತ್ರೋರಾತ್ರಿ ಬಿಟ್ಟುಹೋಗಬಾರದು ಎಂಬುದನ್ನು ಒಪ್ಪುತ್ತೇನೆ. ಕಂಪನಿ ಉಳಿಯಬೇಕೆಂದರೆ ಸ್ವಲ್ಪ ಕಡಿಮೆ ಸಂಬಳಕ್ಕೂ ನಮ್ಮಲ್ಲಿ ಅನೇಕರು ಮನಸ್ಸಿನಿಂದಲೇ ಒಪ್ಪಿಯಾರು. ಕೋವಿಡ್ ಕಾಲದಲ್ಲಿ ಒಪ್ಪಿಯೂ ಇದ್ದೆವು. ಆದರೆ ಎದ್ದು ಹೋಗುವ ದಾರಿ ತೆರೆದಿದ್ದಾಗ ಮಾತ್ರ ಆ ಒಪ್ಪಿಗೆಗೆ ಬೆಲೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ಸಂಬಳ ಕಡಿತವಾದ ದಿನ, ತಡೆಹಿಡಿದ ದಿನ, ಸಂಬಳವಿಲ್ಲದ ರಜೆಗೆ ಕಳಿಸಿದ ದಿನ ನೋಟಿಸ್ ಅವಧಿ ರದ್ದಾಗಬೇಕು, ಎನ್‌ಒಸಿ ಇಲ್ಲದೆಯೇ ಪೈಲಟ್ ಬೇರೆ ಕಂಪನಿ ಸೇರುವಂತಿರಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. 1934ರ ಕಾಯ್ದೆಯನ್ನು ಬದಿಗಿಟ್ಟು ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ, ಆ ಮಸೂದೆ ಸದನದ ಮುಂದೆ ಬಂದ ದಿನಗಳಲ್ಲಿ ಈ ವಿಷಯ ಎತ್ತಬಹುದಿತ್ತು, ಅದು ಹೋಗಲಿ. ಈಗ ಬೇಕಾಗಿರುವುದು ಮಹಾನಿರ್ದೇಶನಾಲಯದ ನಿಯಮಕ್ಕೆ ಒಂದು ವಾಕ್ಯದ ತಿದ್ದುಪಡಿ. ಬರುವ ಅಧಿವೇಶನದಲ್ಲಿ ತಾವು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಇದನ್ನು ಕೇಳಿ, ಸಚಿವರಿಂದ ಸದನದಲ್ಲೇ ಉತ್ತರ ಪಡೆಯಬೇಕು. ಕೇಳಲಾಗದಿದ್ದರೆ ಯಾಕೆ ಆಗುವುದಿಲ್ಲ ಎಂದು ನನಗೆ ಲಿಖಿತವಾಗಿ ತಿಳಿಸಬೇಕು. "ತಮ್ಮ ಪತ್ರ ತಲುಪಿದೆ, ಸೂಕ್ತ ಕ್ರಮಕ್ಕಾಗಿ ಕಳಿಸಲಾಗಿದೆ" ಎಂಬ ಒಕ್ಕಣೆ ಮಾತ್ರ ದಯವಿಟ್ಟು ಬೇಡ; ಅಂಥದ್ದು ನನ್ನ ಬಳಿ ಈಗಾಗಲೇ ಇದೆ.

ಇತಿ ತಮ್ಮ ವಿಶ್ವಾಸಿ,
ಸಂಬಳವಿಲ್ಲದ ರಜೆಯಲ್ಲಿರುವ, ಆದರೂ ಅತ್ಯಗತ್ಯನಾಗಿರುವ ಒಬ್ಬ ಕಮಾಂಡರ್